ಫಾಂಟ್ ಸಿಗದಿದ್ದರೆ ಕೂಗಿ ಹೇಳಲಿ

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಪೂರ್ವಕ್ಕೆ ಹೊರಟರೆ ಹಡಪಸರ ಸಿಗುತ್ತದೆ. ಅದೇ ದಾರಿಯಲ್ಲಿ ಮುಂದುವರಿದರೆ ಸೊಲ್ಲಾಪುರ, ಅದರಾಚೆ ಅಕ್ಕಲಕೋಟೆ. ಪೇಟೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡುವ ಎಷ್ಟೋ ಕುಟುಂಬಗಳ ಸೀಮೆ ಅದು. ಹಡಪಸರದ ಮಗರಪಟ್ಟಾ ಒಂದು ಕಾಲಕ್ಕೆ ಬೇಸಾಯದ ನೆಲ. ಅಲ್ಲಿನ ರೈತ ಕುಟುಂಬಗಳು 400 ಎಕರೆಗೂ ಮಿಕ್ಕ ತಮ್ಮ ಜಮೀನನ್ನು ತುಂಡುತುಂಡಾಗಿ ಮಾರಿಬಿಡದೆ, ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ ಒಂದು ಪಟ್ಟಣ ಕಟ್ಟಿದರು. ಅದರ ಸೈಬರ್ ಸಿಟಿ ಕಟ್ಟಡಗಳಲ್ಲಿ ರೆಡ್ ಹ್ಯಾಟ್ ಕಂಪನಿಯ ಕಚೇರಿಯೂ ಬಂತು. ಲಿನಕ್ಸ್ ಕಂಪ್ಯೂಟರಿನಲ್ಲಿ ಕನ್ನಡ ಓದಿದವರೆಲ್ಲ ಒಂದಲ್ಲ ಒಂದು ದಿನ ಕಂಡಿರುವ ‘ಲೋಹಿತ್ ಕನ್ನಡ’ ಫಾಂಟನ್ನು ವರ್ಷಗಟ್ಟಲೆ ತಿದ್ದಿ ತೀಡಿ ಉಳಿಸಿಕೊಂಡು ಬಂದದ್ದು ರೆಡ್ ಹ್ಯಾಟ್‌ನ ಪುಣೆಯ ಭಾಷಾ ತಂಡ.

ಕನ್ನಡ ಪುಸ್ತಕಲೋಕದ ಮಾತುಕತೆಯಲ್ಲಿ ಹಡಪಸರದ ಹೆಸರು ಬರುವುದೇ ಇಲ್ಲ. ಬರಬೇಕು ಎಂದು ನನಗೆ ಅನ್ನಿಸುತ್ತದೆ. ಕಂಪ್ಯೂಟರಿನಲ್ಲಿ ಪುಟ ಕಟ್ಟುವವರನ್ನು ಇವತ್ತಿಗೂ ಕಾಡುವ ಒಂದು ತೊಂದರೆಗೆ, ಅಂದರೆ ‘ನೀವು ಹೇಳಿದ ಫಾಂಟ್ ಸಿಗಲಿಲ್ಲ’ ಎಂಬ ದೋಷಕ್ಕೆ, ನೆಮ್ಮದಿಯ ಪರಿಹಾರ ಸಾಧ್ಯವಾದದ್ದು ಇಂಥ ಮುಕ್ತ ಫಾಂಟುಗಳಿಂದ.

ಭಾರತೀಯ ಭಾಷೆಗಳ ಅಕ್ಷರ ತಂತ್ರಜ್ಞಾನಕ್ಕೆ ಪುಣೆ ಮೊದಲಿನಿಂದಲೂ ದೊಡ್ಡ ಕೇಂದ್ರ. ಸಿ-ಡ್ಯಾಕ್ ಸಂಸ್ಥೆ 1988ರಲ್ಲಿ ಇಲ್ಲಿ ಹುಟ್ಟಿತು. ಕಾನ್ಪುರದ ಐಐಟಿಯಲ್ಲಿ ಮೊಳೆತ ‘ಜಿಸ್ಟ್’ ತಂತ್ರಜ್ಞಾನ ಬೆಳೆದದ್ದು ಈ ಸಂಸ್ಥೆಯಲ್ಲಿ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿ ಕೊಟ್ಟ ‘ಇಸ್ಕಿ’ ಮಾನಕ 1991ರಲ್ಲಿ ಈಗಿನ ರೂಪಕ್ಕೆ ಬಂತು. ಕನ್ನಡದ ಡಿಟಿಪಿ ಅಂಗಡಿಗಳಲ್ಲಿ ಮನೆಮಾತಾದ ‘ಶ್ರೀ-ಲಿಪಿ’ಯನ್ನು ತಯಾರಿಸಿದ ಮಾಡ್ಯುಲರ್ ಇನ್ಫೋಟೆಕ್ ಪುಣೆಯದೇ ಕಂಪನಿ. ಲೋಹಿತ್ ಫಾಂಟುಗಳ ಮೂಲ ಅಕ್ಷರರೂಪಗಳು ಬಂದದ್ದೂ ಅದೇ ಕಂಪನಿಯಿಂದ. 2004ರಲ್ಲಿ ರೆಡ್ ಹ್ಯಾಟ್ ಐದು ಭಾಷೆಗಳ ಲೋಹಿತ್ ಫಾಂಟುಗಳನ್ನು ಮುಕ್ತ ಪರವಾನಗಿಯಲ್ಲಿ ಹೊರತಂದಿತು. ಕನ್ನಡ ಆಮೇಲೆ ಸೇರಿತು. 2011ರಲ್ಲಿ ಇಡೀ ಲೋಹಿತ್ ಕುಟುಂಬ ‘ಓಪನ್ ಫಾಂಟ್ ಲೈಸೆನ್ಸ್’ಗೆ ಬದಲಾಯಿತು. ಫಾಂಟನ್ನು ಬಿಡಿಯಾಗಿ ಮಾರುವಂತಿಲ್ಲ ಎಂಬುದನ್ನು ಬಿಟ್ಟರೆ, ಹಂಚಬಹುದು, ತಿದ್ದಬಹುದು, ಪುಸ್ತಕದ ಕಡತದ ಜೊತೆಗೇ ಕಟ್ಟಿ ಕಳಿಸಬಹುದು ಎಂದು ಆ ಪರವಾನಗಿ ಹೇಳುತ್ತದೆ. ‘ಜೊತೆಗೇ ಕಟ್ಟಿ ಕಳಿಸಬಹುದು’ ಎಂಬ ಮಾತಿನ ಬೆಲೆ ಏನೆಂದು ಮುಂದೆ ಗೊತ್ತಾಗುತ್ತದೆ.

ಅದಕ್ಕೂ ಮೊದಲು ಟೈಪ್‌ಸೆಟ್ಟಿಂಗ್ ಭಾಷೆ ಅಂದರೇನು ಎಂದು ಹೇಳಬೇಕು. ಪೇಜ್‌ಮೇಕರ್, ಇನ್‌ಡಿಸೈನ್‌ಗಳಲ್ಲಿ ಪುಟವನ್ನು ಕಣ್ಣೆದುರಿಗೇ ಇಟ್ಟುಕೊಂಡು ಮೌಸ್ ಹಿಡಿದು ಕೆಲಸ ಮಾಡುತ್ತೇವೆ. ಟೈಪ್‌ಸೆಟ್ಟಿಂಗ್ ಭಾಷೆಯಲ್ಲಿ ಹಾಗಲ್ಲ. ಪಠ್ಯವನ್ನೂ ‘ಇದು ಅಧ್ಯಾಯದ ಹೆಸರು, ಇದು ಅಡಿಟಿಪ್ಪಣಿ, ಇದಕ್ಕೆ ಈ ಫಾಂಟು’ ಎಂಬ ಸೂಚನೆಗಳನ್ನೂ ಒಂದೇ ಕಡತದಲ್ಲಿ ಬರೆದು ಯಂತ್ರಕ್ಕೆ ಕೊಡುತ್ತೇವೆ. ಅದು ಓದಿ, ಸಾಲು ಮುರಿದು, ಪುಟ ಕಟ್ಟಿ, ಪಿಡಿಎಫ್ ಮಾಡಿ ಕೊಡುತ್ತದೆ. ಅಮೆರಿಕದ ಡೊನಾಲ್ಡ್ ಕನೂತ್ 1970ರ ದಶಕದ ಕೊನೆಯಲ್ಲಿ ತಮ್ಮ ಪುಸ್ತಕಗಳ ಅಚ್ಚು ಕೆಟ್ಟದಾಯಿತೆಂದು ನೊಂದು ತಾವೇ ಬರೆದ ‘ಟೆಕ್’ ಇವುಗಳ ಹಿರಿಯಜ್ಜ. ಅದರ ಮೇಲೆ ಬೆಳೆದ ‘ಲೇಟೆಕ್’ ಇಂದು ಗಣಿತ, ವಿಜ್ಞಾನದವರ ನಿತ್ಯದ ಭಾಷೆ. 2023ರಲ್ಲಿ ಬರ್ಲಿನ್ನಿನಿಂದ ಹೊರಬಂದ ‘ಟೈಪ್‌ಸ್ಟ್’ ಈ ಮನೆತನದ ಹೊಸ ಕೂಸು. ಕನ್ನಡಕ್ಕೆ ಈ ದಾರಿ ಹೊಸದಲ್ಲ. ಗಣಿತದ ಪ್ರಾಧ್ಯಾಪಕ ಸಿ. ಎಸ್. ಯೋಗಾನಂದ ಅವರು ‘ಕನ್ನಡಟೆಕ್’ ರೂಪಿಸಿದರು. ಅವರು ಶ್ರೀರಂಗಪಟ್ಟಣದಲ್ಲಿ ಕಟ್ಟಿದ ಶ್ರೀರಂಗ ಡಿಜಿಟಲ್ ಸಂಸ್ಥೆ ಪುಸ್ತಕ, ಪತ್ರಿಕೆಗಳ ಡಿಜಿಟಲೀಕರಣದಲ್ಲಿ ಹೆಸರು ಮಾಡಿದೆ.

ಇಂಥ ಭಾಷೆಯಲ್ಲಿ ಫಾಂಟು ಬರಿಯ ಒಂದು ಹೆಸರು. ಕಡತದಲ್ಲಿ ‘ತುಂಗಾ’ ಎಂದು ಬರೆದಿರುತ್ತೇವೆ, ಅಷ್ಟೆ. ಆ ಹೆಸರಿನ ಫಾಂಟು ಯಂತ್ರದೊಳಗೆ ಇದೆಯೋ ಇಲ್ಲವೋ ಎಂಬುದು ಕಡತಕ್ಕೆ ಗೊತ್ತಿಲ್ಲ. ಬರೆದವರ ಕಂಪ್ಯೂಟರಿನಲ್ಲಿ ಇದ್ದದ್ದು ಅಚ್ಚಿನ ಮನೆಯ ಕಂಪ್ಯೂಟರಿನಲ್ಲಿ ಇರಬೇಕೆಂದೇನಿಲ್ಲ. ತುಂಗಾದ ಕಥೆಯನ್ನೇ ನೋಡಿ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅದು ಕನ್ನಡದ ಫಾಂಟಾಗಿ ಜೊತೆಗೇ ಬರುತ್ತಿತ್ತು. ವಿಂಡೋಸ್ 8ರಿಂದ ‘ನಿರ್ಮಲಾ ಯುಐ’ ಆ ಜಾಗಕ್ಕೆ ಬಂತು. ವಿಂಡೋಸ್ 10ರಲ್ಲಿ ತುಂಗಾ ಹೆಚ್ಚುವರಿ ಕನ್ನಡ ಫಾಂಟುಗಳ ಪೊಟ್ಟಣಕ್ಕೆ ಸರಿಯಿತು. ಕೇಳಿ ಹಾಕಿಸಿಕೊಂಡರೆ ಮಾತ್ರ ಉಂಟು. ಆಪಲ್ ಯಂತ್ರಗಳಲ್ಲಿ ‘ಕನ್ನಡ ಎಂಎನ್’, ‘ಕನ್ನಡ ಸಂಗಮ್ ಎಂಎನ್’. ಲಿನಕ್ಸಿನಲ್ಲಿ ಬಹುಕಾಲ ಲೋಹಿತ್ ಇತ್ತು. 2022ರ ಫೆಡೋರಾ 36 ಬಹುತೇಕ ಭಾಷೆಗಳಿಗೆ ‘ನೋಟೊ’ವನ್ನು ಮುಂದಕ್ಕೆ ತಂದಿತು. ಹೀಗೆ ಧಾರವಾಡದಲ್ಲಿ ಸರಿಯಾಗಿ ಓಡಿದ ಕಡತ ಪುಣೆಯಲ್ಲಿ ‘ಫಾಂಟ್ ಸಿಗಲಿಲ್ಲ’ ಎನ್ನುತ್ತದೆ. ಬರೆದವರದೂ ತಪ್ಪಿಲ್ಲ, ತೆರೆದವರದೂ ತಪ್ಪಿಲ್ಲ.

ಫಾಂಟು ಇದ್ದೂ ಸಿಗದೇ ಹೋಗುವುದೂ ಉಂಟು. ಒಂದೇ ಫಾಂಟಿಗೆ ಕಡತದ ಹೆಸರು ಬೇರೆ, ಒಳಗೆ ಬರೆದಿರುವ ಕುಟುಂಬದ ಹೆಸರು ಬೇರೆ. ಲೋಹಿತ್ ಕನ್ನಡದ ಹಳೆಯ ಆವೃತ್ತಿಗಳ ಕಡತಕ್ಕೆ ‘ಲೋಹಿತ್’, ಅಡಿಗೆರೆ, ‘ಕೆಎನ್’ ಎಂದು ಹೆಸರಿತ್ತು. ಆಮೇಲೆ ಪೂರ್ತಿ ‘ಲೋಹಿತ್-ಕನ್ನಡ’ ಆಯಿತು. ಹಳೆಯ ಹೆಸರು ನೆಚ್ಚಿದ ಸೂಚನೆ ಹೊಸ ಯಂತ್ರದಲ್ಲಿ ಸೋಲುತ್ತದೆ. ಹುಡುಕುವ ಬಗೆಯೂ ಯಂತ್ರಕ್ಕೊಂದು. ಟೆಕ್‌ನ ಹೊಸ ರೂಪಗಳಲ್ಲಿ ‘ಜೀಟೆಕ್’ ಕಂಪ್ಯೂಟರಿನ ಫಾಂಟು ಪಟ್ಟಿಯನ್ನು ನೇರವಾಗಿ ಕೇಳುತ್ತದೆ. ‘ಲುವಾಟೆಕ್’ ತನ್ನದೇ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಕೇಳಿದ ಹೆಸರು ಅದರಲ್ಲಿ ಕಾಣದಿದ್ದರೆ ಇಡೀ ಕಂಪ್ಯೂಟರನ್ನು ಜಾಲಾಡಿ ಪಟ್ಟಿ ಹೊಸದಾಗಿ ಬರೆಯುತ್ತದೆ. ಆ ಹೊತ್ತಿನಲ್ಲಿ ಯಂತ್ರ ಸತ್ತಿತೆಂದು ಗಾಬರಿಯಾಗಿ ಕೆಲಸ ನಿಲ್ಲಿಸಿಬಿಡುವವರಿದ್ದಾರೆ. ತುಸು ಕಾಯಬೇಕು.

ಇಷ್ಟು ಕಾರಣ, ಇನ್ನು ಯಂತ್ರದ ನಡವಳಿಕೆ. ಫಾಂಟು ಸಿಗದಾಗ ಯಂತ್ರಗಳು ಎರಡು ರೀತಿಯಲ್ಲಿ ನಡೆದುಕೊಳ್ಳುತ್ತವೆ. ಕೆಲವು ನಿಂತು ಕೂಗುತ್ತವೆ. ಕೆಲವು ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಸದ್ದಿಲ್ಲದೆ ಮುಂದೆ ಹೋಗುತ್ತವೆ. ಕೂಗುವ ಯಂತ್ರದ ಮೇಲೆ ನಮಗೆ ಸಿಟ್ಟು ಬರುತ್ತದೆ. ಆದರೆ ಕನ್ನಡದ ಕೆಲಸಕ್ಕೆ ಕೂಗುವ ಯಂತ್ರವೇ ಹಿತ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊಳೆ ಜೋಡಿಸುವ ಕಾಲದ ಕಂಪೋಸಿಟರುಗಳಿಗೆ ಇದು ಗೊತ್ತಿತ್ತು. ಯಾವುದೋ ಅಕ್ಷರದ ಮೊಳೆ ಖಾನೆಯಲ್ಲಿ ಮುಗಿದುಹೋದರೆ, ಅಷ್ಟೇ ಅಗಲದ ಇನ್ನೊಂದು ಮೊಳೆಯನ್ನು ತಲೆಕೆಳಗಾಗಿ ನಿಲ್ಲಿಸುವ ಪದ್ಧತಿ ಅಚ್ಚಿನ ಮನೆಗಳಲ್ಲಿತ್ತು. ಕರಡಿನಲ್ಲಿ ಅಲ್ಲಿ ಕಪ್ಪು ಗುರುತು ಮೂಡುತ್ತಿತ್ತು. ಕರಡು ತಿದ್ದುವವರ ಕಣ್ಣಿಗೆ ಅದು ತಪ್ಪಿಸಿಕೊಳ್ಳುವಂತೆಯೇ ಇರಲಿಲ್ಲ. ಕಾಣೆಯಾದದ್ದನ್ನು ಮುಚ್ಚಿಡದೆ ಕಪ್ಪಾಗಿ ಕಾಣಿಸುವ ಜಾಣತನ ಅದು.

ಲೇಟೆಕ್‌ನ ‘ಫಾಂಟ್‌ಸ್ಪೆಕ್’ ಎಂಬ ಸಲಕರಣೆ ಹೀಗೆ ಕೂಗುವ ಜಾತಿಯದು. ಹೇಳಿದ ಫಾಂಟು ಇಲ್ಲದಿದ್ದರೆ ಅದರ ಹೆಸರು ಹಿಡಿದು ‘ಸಿಗುತ್ತಿಲ್ಲ’ ಎಂದು ದೋಷ ಎಸೆದು ನಿಲ್ಲುತ್ತದೆ. ಆದರೆ ಇಂದಿನ ಅನೇಕ ಸಂಪಾದಕ ತಂತ್ರಾಂಶಗಳು ಯಂತ್ರವನ್ನು ‘ಏನಾದರೂ ಆಗಲಿ, ಮುಂದೆ ಹೋಗು’ ಎಂಬ ಸ್ಥಿತಿಯಲ್ಲಿಟ್ಟೇ ಓಡಿಸುತ್ತವೆ. ದೋಷ ಎಲ್ಲೋ ಕೆಂಪು ಸಾಲಾಗಿ ಉಳಿಯುತ್ತದೆ, ಪಿಡಿಎಫ್ ಮಾತ್ರ ಸಿದ್ಧವಾಗಿ ಕೂತಿರುತ್ತದೆ. ಅದನ್ನು ತೆರೆದರೆ ಕನ್ನಡವಿರಬೇಕಾದ ಕಡೆ ಖಾಲಿ ಜಾಗ, ಇಲ್ಲವೇ ಸಾಲು ಸಾಲು ಚೌಕ. ಲೇಟೆಕ್‌ನ ಸ್ವಂತ ಫಾಂಟಿನಲ್ಲಿ ಕನ್ನಡ ಅಕ್ಷರಗಳಿಲ್ಲ. ಯಂತ್ರ ಆ ಫಾಂಟಿಗೆ ಮರಳಿರುತ್ತದೆ.

ಇದಕ್ಕಿಂತ ಹೆಚ್ಚು ಹೆದರಬೇಕಾದದ್ದು ಫಾಂಟು ಸಿಕ್ಕಿ, ಅದರೊಳಗೆ ಒಂದೋ ಎರಡೋ ಅಕ್ಷರ ಇಲ್ಲದಿರುವುದಕ್ಕೆ. ಹಳಗನ್ನಡ ಕಾವ್ಯದ ಸಂಪಾದನೆಗೆ ಕೂತವರಿಗೆ ೞ ಬೇಕು, ಱ ಬೇಕು. ಸಂಸ್ಕೃತ ಶ್ಲೋಕ ಬಂದರೆ ಅವಗ್ರಹ ಬೇಕು. ಸ್ವರವಿಲ್ಲದ ನಕಾರದ ಹಳೆಯ ರೂಪವಾದ ‘ನಕಾರ ಪೊಲ್ಲು’ ಯೂನಿಕೋಡಿಗೆ ಸೇರಿದ್ದೇ 2021ರಲ್ಲಿ. ಅದಕ್ಕೂ ಹಳೆಯ ಫಾಂಟಿನಲ್ಲಿ ಅದನ್ನು ಹುಡುಕಿ ಫಲವಿಲ್ಲ. ರೂಪಾಯಿಯ ಹೊಸ ಗುರುತು 2010ರದು. ಹಳೆಯ ಫಾಂಟು ಹಿಡಿದು ಬೆಲೆ ಅಚ್ಚು ಹಾಕಿದರೆ ಗುರುತಿನ ಜಾಗ ಬರಿದು. ಟೆಕ್ ಇಂಥದ್ದನ್ನು ಗಮನಿಸುತ್ತದೆ, ಆದರೆ ಬಹುಕಾಲ ಅದನ್ನು ‘ಲಾಗ್’ ಎಂಬ ದಿನಚರಿ ಕಡತದಲ್ಲಿ ಮಾತ್ರ ಬರೆದು ಸುಮ್ಮನಾಗುತ್ತಿತ್ತು. ಸಾವಿರಾರು ಸಾಲಿನ ಆ ದಿನಚರಿಯನ್ನು ಓದುವವರು ಯಾರು? ಇನ್ನೂರು ಪುಟದ ಪುಸ್ತಕದಲ್ಲಿ ಎಲ್ಲೋ ಒಂದು ೞ ಉದುರಿದರೆ, ಪದ ಒಂದಕ್ಷರ ಕಡಿಮೆಯಾಗಿ ನಿಂತಿರುತ್ತದೆ. ಛಂದಸ್ಸು ತಪ್ಪುತ್ತದೆ. ಓದುಗರು ಸಂಪಾದಕರನ್ನು ಬೈಯುತ್ತಾರೆ.

ಇದಕ್ಕೆ ಮದ್ದು ಇದೆ, ಅದನ್ನು ಕನ್ನಡದಲ್ಲಿ ಲೇಟೆಕ್ ಬಳಸುವವರೆಲ್ಲ ತಿಳಿದಿರಬೇಕು. ‘ಟ್ರೇಸಿಂಗ್‌ಲಾಸ್ಟ್‌ಕ್ಯಾರ್ಸ್’ ಎಂಬ ಒಂದು ಸೂಚನೆ ಇದೆ. ಅದರ ಬೆಲೆ 1 ಆಗಿದ್ದರೆ ಕಾಣೆಯಾದ ಅಕ್ಷರದ ಸುದ್ದಿ ದಿನಚರಿಗೆ ಮಾತ್ರ. 2 ಮಾಡಿದರೆ ಪರದೆಯ ಮೇಲೂ ಬರುತ್ತದೆ. ಹೊಸ ಆವೃತ್ತಿಗಳಲ್ಲಿ 3 ಮಾಡಿದರೆ ಅದು ಪೂರ್ತಿ ದೋಷವೇ ಆಗುತ್ತದೆ. ಕನ್ನಡ ಕಡತದ ತಲೆಯಲ್ಲಿ ಇದನ್ನು 3 ಎಂದೇ ಬರೆದಿಡಿ. ಜೊತೆಗೆ ದೋಷ ಕಂಡ ಕೂಡಲೇ ನಿಲ್ಲಬೇಕೆಂದು ಯಂತ್ರಕ್ಕೆ ಆಜ್ಞೆ ಕೊಡಿ. ಅದಕ್ಕೂ ‘ಹಾಲ್ಟ್-ಆನ್-ಎರರ್’ ಎಂಬ ಆಯ್ಕೆ ಇದೆ.

ಟೈಪ್‌ಸ್ಟ್‌ನ ಸ್ವಭಾವ ಬೇರೆ. ಹೇಳಿದ ಫಾಂಟು ಇಲ್ಲದಿದ್ದರೆ ‘ಈ ಕುಟುಂಬ ಗೊತ್ತಿಲ್ಲ’ ಎಂಬ ಎಚ್ಚರಿಕೆ ಕೊಡುತ್ತದೆ, ನಿಲ್ಲುವುದಿಲ್ಲ. ಆ ಅಕ್ಷರಗಳಿರುವ ಬೇರೆ ಯಾವುದಾದರೂ ಫಾಂಟು ಕಂಪ್ಯೂಟರಿನಲ್ಲಿ ಸಿಕ್ಕರೆ ಅದನ್ನೇ ಹಾಕಿ ಪುಟ ಮುಗಿಸುತ್ತದೆ. ಕಲಿಯುವವರಿಗೆ ಇದು ಅನುಕೂಲ, ಪುಸ್ತಕ ಮಾಡುವವರಿಗೆ ಅಪಾಯ. ಒಂದು ಯಂತ್ರದಲ್ಲಿ ನಿರ್ಮಲಾ, ಇನ್ನೊಂದರಲ್ಲಿ ನೋಟೊ. ಅಗಲ ಬದಲಾಗುತ್ತದೆ, ಸಾಲು ಬದಲಾಗುತ್ತದೆ, ಪುಟಸಂಖ್ಯೆ ಬದಲಾಗುತ್ತದೆ, ಪದಸೂಚಿ ಸುಳ್ಳಾಗುತ್ತದೆ. ಟೈಪ್‌ಸ್ಟ್ ತನ್ನೊಳಗೇ ತಂದಿರುವ ಫಾಂಟುಗಳಲ್ಲಿ ಕನ್ನಡ ಇಲ್ಲವಾದ್ದರಿಂದ, ಕನ್ನಡ ಫಾಂಟೇ ಇಲ್ಲದ ಸರ್ವರಿನಲ್ಲಿ ಓಡಿಸಿದರೆ ಚೌಕಗಳೇ ಗತಿ. ಇನ್ನೊಂದು ತೊಡಕು: ಗೂಗಲ್ ಫಾಂಟ್ಸಿನಿಂದ ಇಳಿಸಿಕೊಂಡ ಕನ್ನಡ ಫಾಂಟುಗಳಲ್ಲಿ ಹಲವು ‘ವೇರಿಯಬಲ್’ ಬಗೆಯವು, ಅಂದರೆ ತೆಳು, ದಪ್ಪ ಎಲ್ಲ ಒಂದೇ ಕಡತದಲ್ಲಿ. ಇವು ಸರಿಯಾಗಿ ಮೂಡದಿರಬಹುದೆಂದು ಟೈಪ್‌ಸ್ಟ್‌ನ ಆವೃತ್ತಿಗಳು ಎಚ್ಚರಿಸಿವೆ. ಅದೇ ಪೊಟ್ಟಣದಲ್ಲಿ ‘ಸ್ಟಾಟಿಕ್’ ಎಂಬ ಫೋಲ್ಡರ್ ಇದ್ದರೆ ಅದರೊಳಗಿನ ಬಿಡಿ ಕಡತಗಳನ್ನು ಬಳಸುವುದು ಕ್ಷೇಮ.

ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಮಾತ್ರ ಯೂನಿಕೋಡಿಗೆ ಹಿಂದಿನ ಕಾಲ. ಆಗ ಫಾಂಟು ಕಾಣೆಯಾದರೆ ಕಾಣೆಯಾಗುತ್ತಿದ್ದದ್ದು ಅಂದವಷ್ಟೇ ಆಗಿರಲಿಲ್ಲ, ಬರಹವೇ ಆಗಿತ್ತು. ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶ್ರೀ-ಲಿಪಿ, ಆಕೃತಿ ಇವೆಲ್ಲ ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ದೊಡ್ಡದು. ಅವು ಬಂದ ದಿನಗಳಲ್ಲಿ ಬೇರೆ ದಾರಿ ಇರಲಿಲ್ಲ: ಇಂಗ್ಲಿಷ್ ಹಾಗೂ ಯೂರೋಪಿನ ಅಕ್ಷರಗಳಿಗೆ ಮೀಸಲಾದ 256 ಖಾನೆಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಬೇಕಿತ್ತು. ನುಡಿಯಲ್ಲಿ ‘ಕನ್ನಡ’ ಎಂದು ಬರೆದರೆ ಕಡತದೊಳಗೆ ಉಳಿಯುವುದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಎ. ಪಿ ಎಂದರೆ ಕಕಾರದ ಮೈ, ಓರೆಗೆರೆಯ ಎ ಎಂದರೆ ತಲೆಕಟ್ಟು, ಪೌಂಡ್ ಎಂದರೆ ನಕಾರದ ಮೈ, ಜೋಡಿ ಎಸ್ ಎಂದರೆ ನ ಒತ್ತು. ನುಡಿ ಫಾಂಟು ಇದ್ದಷ್ಟು ಹೊತ್ತು ಇದು ಕನ್ನಡ. ಅದನ್ನು ತೆಗೆದರೆ ಯಾವ ಭಾಷೆಯೂ ಅಲ್ಲದ ಗುರುತುಗಳ ರಾಶಿ.

ಪೇಜ್‌ಮೇಕರಿನಲ್ಲಿ ಫಾಂಟು ಇಲ್ಲದ ಕಡತ ತೆರೆದರೆ ‘ಇದರ ಬದಲು ಇದನ್ನು ಹಾಕಲೇ’ ಎಂದು ಒಂದು ಪೆಟ್ಟಿಗೆ ಕೇಳುತ್ತಿತ್ತು. ಅವಸರದಲ್ಲಿ ಸರಿ ಎಂದು ಒತ್ತಿದರೆ ಪುಟವೆಲ್ಲ ಆ ರಾಶಿ. ಬೇರೊಂದು ಕನ್ನಡ ತಂತ್ರಾಂಶದ ಫಾಂಟು ಹಾಕಿದರೂ ಪ್ರಯೋಜನವಿಲ್ಲ, ಏಕೆಂದರೆ ಪ್ರತಿಯೊಂದರ ಖಾನೆ ಹಂಚಿಕೆ ಬೇರೆ ಬೇರೆ. ಆಗ ಮೂಡುವುದು ಇನ್ನೂ ಭಯಂಕರ: ಅಕ್ಷರಗಳೆಲ್ಲ ಕನ್ನಡವೇ, ಆದರೆ ಒಂದು ಪದಕ್ಕೂ ಅರ್ಥವಿಲ್ಲ. ಕನ್ನಡ ಬಾರದ ಮುದ್ರಣಾಲಯದಲ್ಲಿ ಅದು ಯಾರ ಕಣ್ಣಿಗೂ ಬೀಳದೆ ಅಚ್ಚಾಗಬಹುದು. ಹೊರನಾಡಿನಲ್ಲಿ ಸ್ಮರಣ ಸಂಚಿಕೆ, ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವ ಕನ್ನಡ ಸಂಘಗಳು ಇದನ್ನು ಮುಖ್ಯವಾಗಿ ಗಮನಿಸಬೇಕು.

ಯೂನಿಕೋಡ್ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿದೆ. ಇಲ್ಲಿ ಕ ಎಂದರೆ ಕ ಮಾತ್ರ. ಫಾಂಟು ಹೋದರೂ ಬರಹ ಹೋಗುವುದಿಲ್ಲ. ಆದರೆ ಯೂನಿಕೋಡ್ ಒತ್ತಕ್ಷರದ ರೂಪವನ್ನು ಹೇಳುವುದಿಲ್ಲ. ‘ಸ್ತ್ರೀ’ ಎಂಬುದು ಅಲ್ಲಿ ಸ, ವಿರಾಮ, ತ, ವಿರಾಮ, ರ, ಈಕಾರ ಎಂಬ ಸಾಲು. ಒತ್ತುಗಳನ್ನು ಇಳಿಸಿ, ದೀರ್ಘವನ್ನು ಪಕ್ಕಕ್ಕೆ ಕೂರಿಸುವುದು ಫಾಂಟಿನೊಳಗಿನ ನಿಯಮಗಳು ಮತ್ತು ಅವನ್ನು ಓದುವ ‘ಹಾರ್ಫ್‌ಬಜ್’ನಂಥ ಯಂತ್ರ. ಜೋನಾಥನ್ ಕ್ಯೂ 2004ರಲ್ಲಿ ಹೊರತಂದ ಜೀಟೆಕ್ ಈಗ ಇದನ್ನೇ ಬಳಸುತ್ತದೆ. ಹೀಗಾಗಿ ಫಾಂಟಿನ ಹೆಸರು ಹೇಳಿದರೆ ಸಾಲದು, ಲೇಟೆಕ್‌ಗೆ ‘ಲಿಪಿ ಕನ್ನಡ’ ಎಂದೂ ಹೇಳಬೇಕು. ಲುವಾಟೆಕ್ ಆದರೆ ಹಾರ್ಫ್‌ಬಜ್ ಬಳಸು ಎಂದೂ ಸೇರಿಸಬೇಕು. ಬಿಟ್ಟರೆ ಯಾವ ದೋಷವೂ ಬರುವುದಿಲ್ಲ. ಒತ್ತುಗಳು ಕೆಳಗಿಳಿಯದೆ ಅಕ್ಷರಗಳು ಬಿಡಿಬಿಡಿಯಾಗಿ ನಿಂತಿರುತ್ತವೆ.

ಹಾಗಾದರೆ ಮಾಡಬೇಕಾದದ್ದೇನು? ಮುಖ್ಯವಾದದ್ದು ಒಂದೇ: ಪುಸ್ತಕದ ಫಾಂಟು ಪುಸ್ತಕದ ಜೊತೆಗೇ ಇರಬೇಕು. ಕಡತಗಳಿರುವ ಫೋಲ್ಡರಿನೊಳಗೆ ಫಾಂಟಿಗೊಂದು ಫೋಲ್ಡರ್ ಮಾಡಿ, ಬಳಸಿದ ಆವೃತ್ತಿಯನ್ನೇ ಅಲ್ಲಿ ಇಟ್ಟು, ಲೇಟೆಕ್‌ಗೆ ಹೆಸರಿನ ಬದಲು ಆ ಕಡತದ ದಾರಿಯನ್ನೇ ಕೊಡಿ. ಟೈಪ್‌ಸ್ಟ್‌ಗಾದರೆ ಫಾಂಟುಗಳ ದಾರಿಯನ್ನು ತೋರಿಸಿ, ಕಂಪ್ಯೂಟರಿನ ಸ್ವಂತ ಫಾಂಟುಗಳನ್ನು ನೋಡಬೇಡವೆಂದು ಹೇಳುವ ಆಯ್ಕೆಯೂ ಇದೆ. ಬದಲಿ ಹುಡುಕುವ ಚಾಳಿಯನ್ನೂ ಆರಿಸಬಹುದು. ಆಗ ಇದ್ದದ್ದು ಇದ್ದ ಹಾಗೆ ಮೂಡುತ್ತದೆ, ಇಲ್ಲದ್ದು ಚೌಕವಾಗಿ ಕಣ್ಣಿಗೆ ಹೊಡೆಯುತ್ತದೆ. ಹೀಗೆ ಫಾಂಟನ್ನು ಕಟ್ಟಿ ಕಳಿಸುವ ಹಕ್ಕು ಎಲ್ಲ ಫಾಂಟಿಗೂ ಇರುವುದಿಲ್ಲ. ವಿಂಡೋಸ್‌ನ ನಿರ್ಮಲಾವನ್ನೋ ಆಪಲ್‌ನ ಕನ್ನಡ ಸಂಗಮ್ ಅನ್ನೋ ಹೀಗೆ ಹಂಚುವಂತಿಲ್ಲ. ಲೋಹಿತ್, ನೋಟೊ, ಗುಬ್ಬಿ, ನವಿಲು, ಬಾಲೂ ತಮ್ಮ, ಟೀರೋ ಕನ್ನಡ ಇವೆಲ್ಲ ಮುಕ್ತವಾದವು. ಮೊದಲು ಪರವಾನಗಿ ನೋಡಿ, ಆಮೇಲೆ ಅಂದ ನೋಡಿ ಎಂದು ನಾನು ಹೊಸ ಪ್ರಕಾಶಕರಿಗೆ ಹೇಳುವುದು ಇದಕ್ಕಾಗಿ.

ಕಂಪ್ಯೂಟರಿನಲ್ಲಿ ಏನಿದೆ ಎಂದು ತಿಳಿಯಲು ಲಿನಕ್ಸಿನಲ್ಲಿ ‘ಎಫ್‌ಸಿ-ಲಿಸ್ಟ್’ ಆಜ್ಞೆಗೆ ಕನ್ನಡದ ಭಾಷಾ ಸಂಕೇತ ಕೊಟ್ಟರೆ ಕನ್ನಡ ಬಲ್ಲ ಫಾಂಟುಗಳ ಪಟ್ಟಿ ಬರುತ್ತದೆ. ಟೈಪ್‌ಸ್ಟ್‌ಗೆ ‘ಫಾಂಟ್ಸ್’ ಎಂದರೆ ತನಗೆ ಕಾಣುವುದನ್ನೆಲ್ಲ ಹೇಳುತ್ತದೆ. ಹೆಸರನ್ನು ಈ ಪಟ್ಟಿಯಿಂದಲೇ ಎತ್ತಿಕೊಳ್ಳಿ, ನೆನಪಿನಿಂದ ಬರೆಯಬೇಡಿ. ಅಚ್ಚಿಗೆ ಕಳಿಸುವ ಮುನ್ನ ‘ಪಿಡಿಎಫ್‌ಫಾಂಟ್ಸ್’ ಎಂಬ ಸಣ್ಣ ಆಜ್ಞೆಯನ್ನು ಓಡಿಸಿದರೆ ಯಾವ ಫಾಂಟು ನಿಜವಾಗಿ ಬಳಕೆಯಾಗಿದೆ, ಅದು ಪಿಡಿಎಫ್ ಒಳಗೇ ಸೇರಿದೆಯೇ ಎಂದು ಒಂದೊಂದು ಸಾಲಿನಲ್ಲಿ ಕಾಣುತ್ತದೆ. ನೀವು ಕೇಳದ ಹೆಸರೊಂದು ಆ ಪಟ್ಟಿಯಲ್ಲಿದ್ದರೆ, ಯಾವುದೋ ಪುಟದಲ್ಲಿ ಬದಲಿ ನಡೆದಿದೆ ಎಂದೇ ಲೆಕ್ಕ.

ಹಳೆಯ ಕಡತಗಳಿಗೆ ಮಾತ್ರ ಇಷ್ಟು ಸಾವಧಾನ ಸಲ್ಲದು. ತೊಂಬತ್ತರ ದಶಕದಲ್ಲಿ, ಎರಡು ಸಾವಿರದ ಆಚೀಚೆ ಡಿಟಿಪಿ ಆದ ಕನ್ನಡ ಪುಸ್ತಕಗಳ ಮೂಲ ಪ್ರಕಾಶಕರ ಬೀರುಗಳಲ್ಲಿ ಸಿಡಿಗಳಾಗಿ ಕೂತಿದೆ. ಅವನ್ನು ತೆರೆಯಲು ಬೇಕಾದ ಫಾಂಟು ಎಷ್ಟೋ ಸಲ ಹಾರ್ಡ್‌ವೇರ್ ಲಾಕ್ ಸಿಕ್ಕಿಸಿದರೆ ಮಾತ್ರ ಓಡುವ ತಂತ್ರಾಂಶದ ಜೊತೆಗಿತ್ತು. ನುಡಿ, ಬರಹದ ಬರಹವನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಈಗ ಸುಲಭವಾಗಿ ಸಿಗುತ್ತವೆ. ಬೇರೆ ತಂತ್ರಾಂಶಗಳದಕ್ಕೆ ಹುಡುಕಬೇಕು. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಅನುಸ್ವಾರ, ಅಂಕಿಗಳನ್ನು ಹಳೆಯ ಅಚ್ಚಿನ ಪ್ರತಿಯ ಪಕ್ಕದಲ್ಲಿಟ್ಟು ಒಬ್ಬರು ಕೂತು ಓದಬೇಕು. ಕಡತ ಯಾವ ತಂತ್ರಾಂಶದ ಯಾವ ಆವೃತ್ತಿಯದು ಎಂದು ಪೌಂಡ್ ಗುರುತಿನ ಜಾಗ ನೋಡಿಯೇ ಹೇಳಬಲ್ಲ ಡಿಟಿಪಿಯವರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಕೆಲಸ ಅವರಿರುವಾಗಲೇ, ಅವರಿಗೆ ತಕ್ಕ ಸಂಭಾವನೆ ಕೊಟ್ಟು, ಈ ವರ್ಷವೇ ಆಗಬೇಕು.